ಪಕ್ಕದ ಸೀಟಿನ ಬ್ರೇಕು

ಬೆಳಗಿನಿಂದಲೂ ಅವನ ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ. ಹಲ್ಲುಜ್ಜುತ್ತ ನಿಂತಲ್ಲೇ ಒಮ್ಮೆ ನೆಲವನ್ನು ಗಟ್ಟಿಯಾಗಿ ಒತ್ತಿತು. ಕಾಫಿ ಹಿಡಿದು ಸೋಫಾದ ಮೇಲೆ ಕೂತಾಗ, ಟೀವಿಯಲ್ಲಿ ಯಾವುದೋ ಲಾರಿ ತಿರುವಿನಲ್ಲಿ ಎದುರಾದದ್ದೇ ನೆಪವಾಗಿ, ಮುಂದಿದ್ದ ಟೀಪಾಯಿಯನ್ನು ಒದ್ದು ಕಾಫಿಯನ್ನೆಲ್ಲ ಪೇಪರಿನ ಮೇಲೆ ಚೆಲ್ಲಿಸಿತು. "ರೀ, ಅದು ಟೀಪಾಯಿ. ಒದ್ದು ನಿಲ್ಲಿಸ್ಬೇಕಾಗಿಲ್ಲ, ಮೊದ್ಲೇ ನಿಂತಿದೆ," ಎಂದು ಹೆಂಡತಿ ಒರೆಸುವ ಬಟ್ಟೆ ಎಸೆದಳು. ಹದಿನೆಂಟು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಸವೆದ ಕಾಲು ಅದು. ಆ ಕಾರಿನಲ್ಲಿ ಓಡಿಸುವವರ ಕಾಲ ಬುಡದಲ್ಲಿ ಇರುವಂತೆಯೇ ಅವನ ಕಾಲ ಬುಡದಲ್ಲೂ ಒಂದು ಬ್ರೇಕು. ಅದರ ದೆಸೆಯಿಂದ ಊರಿಗೆಲ್ಲ ಅವನು ಬ್ರೇಕ್ ಮೇಷ್ಟ್ರು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಹದಿನೆಂಟು ವರ್ಷದಲ್ಲಿ ಅವನ ಕಾರು ಒಂದು ನಾಯಿಯ ಬಾಲವನ್ನೂ ತುಳಿದಿಲ್ಲ. ಆದರೆ ಇವತ್ತು ಆ ಹೆಮ್ಮೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮಧ್ಯಾಹ್ನ ಮೂರಕ್ಕೆ ಮಗಳ ಪರೀಕ್ಷೆ. ಮಗಳಿಗೆ ಮೂರು ವರ್ಷ, ಕಾಲುಗಳಿಗೆ ನಿಲ್ಲುವಷ್ಟು ಬಲವಿಲ್ಲ. ಆಳು ಪುಟ್ಟದು, ಖಾರ ಜಾಸ್ತಿ ಅಂತ ಮನೆಯಲ್ಲಿ ಅವಳನ್ನು ಮೆಣಸು ಎನ್ನುತ್ತಾರೆ. ಅಂಥ ಮಕ್ಕಳಿಗಾಗಿಯೇ ಇರುವ ಕೇಂದ್ರದವರು ಬ್ಯಾಟರಿಯಲ್ಲಿ ಓಡುವ ಪುಟಾಣಿ ಗಾಲಿ ಕುರ್ಚಿಯೊಂದನ್ನು ಮೂರು ವಾರದ ಮಟ್ಟಿಗೆ ಮನೆಗೆ ಕೊಟ್ಟಿದ್ದರು. ಕೈಯ ಹತ್ತಿರ ಜಾಯ್‌ಸ್ಟಿಕ್ ಎನ್ನುವ ಒಂದು ಮೋಟು ಕಡ್ಡಿ. ಮುಂದೆ ತಳ್ಳಿದರೆ ಮುಂದೆ, ಪಕ್ಕಕ್ಕೆ ತಳ್ಳಿದರೆ ಪಕ್ಕಕ್ಕೆ. ಮಗು ತಾನಾಗಿ ಅದನ್ನು ಓಡಿಸುವುದು ಕಂಡರೆ ಕುರ್ಚಿ ಮಗುವಿಗೇ. ಕಾಣದಿದ್ದರೆ ಸಾಲಿನಲ್ಲಿ ಕಾದಿರುವ ಮುಂದಿನ ಮಗುವಿಗೆ, ಮತ್ತೆ ಸರದಿ ಬರಲು ಎರಡು ವರ್ಷ. ಮೊದಲ ಎರಡು ದಿನ ಬಿಟ್ಟರೆ ಮೆಣಸು ಈ ಮೂರು ವಾರದಲ್ಲಿ ಒಂದು ಸಲವೂ ಎರಡು ಮಾರು ದಾಟಿರಲಿಲ್ಲ. ಯಾಕೆ ಎನ್ನುವುದು ಇಡೀ ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅವನು ಈಗ ಟೀಪಾಯಿ ಒರೆಸುತ್ತಿದ್ದ.

ಹೆಂಡತಿ ಔಷಧದಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. "ಮೂರು ಗಂಟೆಗೆ ನಾನು ಅಂಗಡಿಯಿಂದ ನೇರ ಅಲ್ಲಿಗೇ ಬಂದ್ಬಿಡ್ತೀನಿ. ಅತ್ತೆ, ಅವಳ ಹಸಿರು ಫ್ರಾಕು ಇಸ್ತ್ರಿ ಮಾಡಿಟ್ಟಿದೀನಿ. ಬರ್ತೀನಿ ಮೆಣಸು," ಎಂದು ಬಾಗಿಲು ದಾಟಿದಳು. ಮೆಣಸು ಅಜ್ಜಿಯ ತೊಡೆಯ ಮೇಲೆ ಕೂತು ಅಮ್ಮ ಮರೆಯಾಗುವುದನ್ನು ನೋಡಿದಳು. ಐದು ನಿಮಿಷಕ್ಕೆ ಅವನೂ ಕಾರಿನ ಕೀಲಿ ಎತ್ತಿಕೊಂಡು "ಬರ್ತೀನಿ" ಎಂದ. ಈ ಮಾತು ಕೇಳೀ ಕೇಳೀ ಮಗು ತನ್ನದೇ ಒಂದು ಅರ್ಥ ಕಟ್ಟಿಕೊಂಡಿದೆ ಎಂದು ಅವನ ಅನುಮಾನ. ಬರ್ತೀನಿ ಅಂದವರೆಲ್ಲ ಆ ಕ್ಷಣವೇ ಎದ್ದು ಮಾಯವಾಗುತ್ತಾರೆ. ಪಾಪ, ಅವಳು ತಾನೇ ಇನ್ನೇನು ತಿಳಿದುಕೊಂಡಾಳು! ಹೊರಡುವವರು ಹಾಗೆ ಹೇಳುವುದು ಎಲ್ಲರ ಮನೆಯಲ್ಲೂ ಇದೆ, ನಿಜ. ಆದರೆ ಈ ಮನೆಯಲ್ಲಿ 'ಹೋಗು' ಎನ್ನುವ ಮಾತನ್ನೇ ಹೊಸ್ತಿಲಾಚೆ ಇಟ್ಟಿದ್ದರು. ಇಟ್ಟವನು ಅವನೇ. ಮಗು ಎರಡು ತಿಂಗಳು ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು, ಅವನು ಹನ್ನೊಂದನೆಯ ದಿನ ಆಸ್ಪತ್ರೆಯ ಕಾರಿಡಾರಿನ ಎಂದಿನ ಬೆಂಚಿನ ಮೇಲೆ ಕೂತಿದ್ದ, ಒಳಗಿನ ಬಾಗಿಲು ತೆರೆದು ನರ್ಸೊಬ್ಬಳು ಕತ್ತು ಹೊರಗೆ ಹಾಕಿ, "ಹೋಯ್ತು. ಈಗಷ್ಟೇ ಹೋಯ್ತು," ಎಂದಳು. ಅವನ ಬಲಗಾಲು ಕಾರಿನ ಹೊರಗೆ ಮೊಟ್ಟಮೊದಲು ಬ್ರೇಕು ಹುಡುಕಿದ್ದು ಆಗ. ಕಣ್ಣು ಕತ್ತಲಿಟ್ಟು ಬೆಂಚಿನಿಂದ ಜಾರಿ ನೆಲದ ಮೇಲೆ ಕೂತುಬಿಟ್ಟ. ನರ್ಸು ಹೇಳಿದ್ದು ಅವನ ಬೆನ್ನ ಹಿಂದೆ ನಿಂತಿದ್ದ ಇನ್ನೊಬ್ಬ ನರ್ಸಿಗೆ. ಹೋದದ್ದು ಸಿಬ್ಬಂದಿಯ ಬಸ್ಸು. ಇಬ್ಬರೂ ಸೇರಿ ಅವನಿಗೆ ನೀರು ಕುಡಿಸಿ, ನಮ್ಮ ಬಸ್ಸಿಗೋಸ್ಕರ ಇಷ್ಟು ಸಂಕಟಪಟ್ಟವರು ನೀವೊಬ್ರೇ ಎಂದು ನಕ್ಕರು. ಅವನೂ ನಕ್ಕ. ಆದರೆ ಆ ಮಾತು ಅವನ ನಾಲಿಗೆಯಿಂದ ಅವತ್ತೇ ಕಳಚಿಬಿತ್ತು. ಆಮೇಲೆ ಮನೆಯಲ್ಲಿ ಕರೆಂಟು ಹೋಗಲಿಲ್ಲ, "ಇಲ್ಲ"ವಾಯಿತು. ನೆಂಟರು ಹೋಗಲಿಲ್ಲ, "ಹೊರಟರು". ಮೆಣಸಿಗೂ ಅವನು ಹೇಳಿದ್ದು ಯಾವಾಗಲೂ ಒಂದೇ ಮಾತು: ಬಾ.

"ಬನ್ನಿ ಮೇಡಂ, ಮುಂದೆ ಬನ್ನಿ," ಎಂದ ಹತ್ತೂವರೆಗೆ, ಮೈದಾನದ ಪಕ್ಕದ ಖಾಲಿ ರಸ್ತೆಯಲ್ಲಿ.

"ಎಲ್ಲಿಗೆ ಬರ್ಲಿ ಮೇಷ್ಟ್ರೇ? ಪಕ್ಕದಲ್ಲೇ ಕೂತಿದೀರಲ್ಲ ನೀವು," ಎಂದರು ಸ್ಟೀರಿಂಗ್ ಹಿಡಿದಿದ್ದ ಹೆಡ್‌ಮಿಸ್ಟ್ರೆಸ್. ನಿವೃತ್ತರಾಗಿ ಮೂರು ವರ್ಷವಾಗಿತ್ತು, ಗಂಟಲು ಮಾತ್ರ ಇನ್ನೂ ಕೆಲಸದಲ್ಲಿತ್ತು. ಕಾರು ಹೊರಟಿತು. ದೂರದಲ್ಲಿ ಸೈಕಲ್ಲೊಂದು ಕಂಡಿತು, ಅದು ಬರುತ್ತಿತ್ತೋ ನಿಂತಿತ್ತೋ ಗೊತ್ತಾಗುವ ಮೊದಲೇ ಅವನ ಕಾಲು ಕೆಲಸ ಮುಗಿಸಿತ್ತು. ಕಾರು ಮುಗ್ಗರಿಸಿ ನಿಂತು ಎಂಜಿನ್ ಆಫಾಯಿತು. ಹೆಡ್‌ಮಿಸ್ಟ್ರೆಸ್ ತಮ್ಮ ಕಾಲನ್ನು ನೋಡಿಕೊಂಡರು. ಹೊಸದಾಗಿ ತೊಟ್ಟ ಕ್ಯಾನ್ವಾಸ್ ಶೂ, ಅದಕ್ಕೆ ಬಿಗಿಯಾಗಿ ಕಟ್ಟಿದ ಬಿಳಿಯ ಲೇಸು. "ನಲವತ್ತು ಕ್ಲಾಸಾಯ್ತು. ಇದು ನನ್ನ ಕಾಲಲ್ಲೇ ಏನೋ ಐಬು. ವಯಸ್ಸಾದ್ಮೇಲೆ ಇಂಥಾ ಆಸೆಗಳನ್ನ ಇಟ್ಕೋಬಾರ್ದು," ಎಂದರು, ಯಾವ ಶಾಲೆಯಲ್ಲೂ ಯಾರೂ ಕೇಳಿರದ ಸಣ್ಣ ದನಿಯಲ್ಲಿ. ಹೀಗೆ ನೋಡಿಕೊಳ್ಳುವುದನ್ನು ಅವನು ಮೂರು ವಾರದಿಂದ ದಿನಕ್ಕೆ ಹತ್ತು ಸಲ ನೋಡಿದ್ದ, ಶೂ ತೊಟ್ಟ ಕಾಲನ್ನಲ್ಲ, ಐದು ಬೆರಳಿನ ಒಂದು ಗಿಡ್ಡ ಕೈಯನ್ನು. ಕುರ್ಚಿ ನಿಂತುಬಿಟ್ಟಾಗ ಮೆಣಸು ಕಡ್ಡಿ ಬಿಟ್ಟು ಅಂಗೈ ತಿರುಗಿಸಿ ನೋಡುತ್ತಿದ್ದಳು, ಒಳಗೆ ಏನಾದರೂ ಒಡೆದಿದೆಯೇ ಎಂಬಂತೆ. ಆಮೇಲೆ ಆ ಕೈಯನ್ನು ಫ್ರಾಕಿಗೆ ಒರೆಸಿಕೊಂಡು ಮತ್ತೆ ಇಡುತ್ತಿದ್ದಳು. ಸಮಾಧಾನ ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಬಗ್ಗಿ ಅವನ ಕಾಲ ಬುಡವನ್ನು ನೋಡುತ್ತಿದ್ದರು. ಬ್ರೇಕಿನ ಮೇಲೆ ಅವನ ಚಪ್ಪಲಿ ಇನ್ನೂ ಒತ್ತಿಕೊಂಡೇ ಇತ್ತು. ಕಾಪಿ ಹೊಡೆಯುವಾಗ ಸಿಕ್ಕಿಬಿದ್ದವನ ಹಾಗೆ ಅವನ ಕಿವಿ ಬಿಸಿಯಾಯಿತು.

"ಓಹೋ," ಎಂದರು ಹೆಡ್‌ಮಿಸ್ಟ್ರೆಸ್. ಗಂಟಲು ವಾಪಸು ಬಂದಿತ್ತು. "ಕಾರು ಓಡಿಸ್ತಿರೋದು ನಾನಾ, ನೀವಾ?"

"ಸೈಕಲ್ ಬಂತು ಮೇಡಂ."

"ಆ ಸೈಕಲ್ ಮರಕ್ಕೆ ಒರಗಿಸಿ ಬೀಗ ಹಾಕಿದೆ. ಪರೀಕ್ಷೆ ದಿನ ನೀವಿರ್ತೀರಾ ಪಕ್ಕದಲ್ಲಿ?"

"ಇರಲ್ಲ."

"ಮತ್ತೆ ಇಳೀರಿ."

"ಹಾಗೆಲ್ಲ ಇಳಿಯೋ ಹಾಗಿಲ್ಲ ಮೇಡಂ, ನಿಯಮ ಇದೆ."

"ಸರಿ, ಕಾಲಾದ್ರೂ ಎತ್ತಿ ಮೇಲಿಡಿ," ಎಂದು ಆ ಹಿರಿಯ ಹೆಂಗಸು ಆಜ್ಞೆ ಮಾಡಿದರು. ಅವನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಬಲಗಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು. ಕಾರು ಮೈದಾನವನ್ನು ಮೂರು ಸುತ್ತು ಹಾಕಿತು. ಮೂರನೆಯ ಸುತ್ತಿನಲ್ಲಿ ಹೆಡ್‌ಮಿಸ್ಟ್ರೆಸ್ ಒಂದು ಕೈ ಹೊರಗೆ ಚಾಚಿ, ಬೀಗ ಹಾಕಿದ್ದ ಆ ಸೈಕಲ್ಲಿಗೆ ಟಾಟಾ ಮಾಡಿದರು.

ಮಧ್ಯಾಹ್ನ ಅಜ್ಜಿ ಮೆಣಸಿಗೆ ಹಸಿರು ಫ್ರಾಕು ತೊಡಿಸುವಾಗ ಅವನು ಫ್ರಿಜ್ಜಿನ ಮೇಲೆ ಕೈಯಾಡಿಸಿ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಜೇಬಿಗೆ ಹಾಕಿಕೊಂಡ. ಇನ್ನೊಂದು ಜೇಬಿನಲ್ಲಿ ಆ ಕವರಿನ ಒಳಗೆ ಇರಬೇಕಾದದ್ದು ಆಗಲೇ ಇತ್ತು, ಬೆಂಕಿಪೊಟ್ಟಣದಷ್ಟೇ ಒಂದು ರಿಮೋಟು, ನಡುವೆ ಕೆಂಪು ಗುಂಡಿ. ಕುರ್ಚಿ ಕೊಟ್ಟ ದಿನ ಥೆರಪಿಸ್ಟ್ ಮೇಡಂ ಅದನ್ನು ಹೆಂಡತಿಯ ಕೈಗಿಟ್ಟಿದ್ದರು. ಇಪ್ಪತ್ತೇಳರ ಹುಡುಗಿ, ಮಕ್ಕಳಿಗೆ ಕೈಕಾಲು ಆಡಿಸುವುದನ್ನು ಕಲಿಸುವ ಕೆಲಸ, ಅಂಗಿಯ ಮೇಲೆಲ್ಲ ಮಕ್ಕಳು ಒರೆಸಿದ ಬಿಸ್ಕತ್ತು. "ಇದು ಒತ್ತಿದ್ರೆ ಕುರ್ಚಿ ನಿಂತೋಗತ್ತೆ. ಮೆಟ್ಲು, ನೀರು, ರೋಡು, ಇಂಥಾ ಅಪಾಯ ಇದ್ರೆ ಮಾತ್ರ. ಗೋಡೆಗೆ ಗುದ್ದಿದ್ರೆ ಗುದ್ದಲಿ ಬಿಡಿ, ಗೋಡೆ ಏನೂ ಅಂದ್ಕೊಳ್ಳಲ್ಲ." ಆಮೇಲೆ ಅವನ ಕಡೆ ತಿರುಗಿ, "ಸರ್, ಇವಳು ಯಾವತ್ತಾದ್ರೂ ನಿಮ್ಮಿಂದ ತಪ್ಪಿಸ್ಕೊಂಡು ಓಡಿಹೋಗಿದಾಳಾ?" ಎಂದು ಕೇಳಿದ್ದರು. "ಛೆ, ಒಂದಿನಾನೂ ಇಲ್ಲ, ನಮ್ಮ ಮಗು ಅಂಥದ್ದಲ್ಲ," ಎಂದು ಅವನು ಎದೆಯುಬ್ಬಿಸಿ ಹೇಳಿದ್ದ. ಹೇಳಿ ಮುಗಿಸುವಷ್ಟರಲ್ಲಿ ತಾನೆಂಥ ಪೆದ್ದ ಎನ್ನುವುದು ಗೊತ್ತಾಗಿತ್ತು. "ಒಂದು ವರ್ಷದ ಮಗು ದಿನಕ್ಕೆ ಐವತ್ತು ಸಲ ಅಪ್ಪ ಅಮ್ಮನ್ನ ಬಿಟ್ಟು ಓಡತ್ತೆ ಸರ್. ಇವಳಿಗೆ ಎರಡು ವರ್ಷದ ಬಾಕಿ ಇದೆ, ತೀರಿಸ್ಕೊಳ್ಲಿ." ಹೆಂಡತಿ ರಿಮೋಟನ್ನು ಕವರಿಗೆ ಹಾಕಿ ಫ್ರಿಜ್ಜಿನ ಮೇಲಿಟ್ಟು, ಮುಟ್ಟುವ ಹಾಗಿಲ್ಲ ಎಂದಳು. ಅವನು ಒಂದು ದಿನ ಮುಟ್ಟಲಿಲ್ಲ. ಎರಡನೆಯ ದಿನ ಕುರ್ಚಿ ಊಟದ ಮೇಜಿನ ಮೂಲೆಯ ಕಡೆ ಹೊರಟಿತು, ಆ ಮೂಲೆ ಮೆಣಸಿನ ಹಣೆಯ ಎತ್ತರಕ್ಕೇ ಇತ್ತು, ಅವನ ಕಾಲು ನೆಲವನ್ನು ಒತ್ತಿತು, ಏನೂ ನಿಲ್ಲಲಿಲ್ಲ. ಕುರ್ಚಿ ತಾನೇ ಮೇಜು ಬಳಸಿ ಆಚೆ ಸರಿಯಿತು. ಹಾಗಿದ್ದೂ ಆ ಸಂಜೆ ರಿಮೋಟು ಅವನ ಜೇಬಿಗೆ ಬಂತು, ಖಾಲಿ ಕವರು ಫ್ರಿಜ್ಜಿನ ಮೇಲೇ ಉಳಿಯಿತು. ಮೊದಲು ಮೂಲೆಗೆ ಒತ್ತಿದ, ಆಮೇಲೆ ಫ್ರಿಜ್ಜಿಗೆ, ಕಾಲೊರೆಸುವ ಚಾಪೆಗೆ, ಕೊನೆಕೊನೆಗೆ ಪರದೆಯ ನೆರಳಿಗೂ ಒತ್ತಿದ. ಒತ್ತುವಾಗ ಪ್ರತಿ ಸಲವೂ ಎದೆ ಹಗುರಾಗುತ್ತಿತ್ತು, ಆ ಹಗುರಕ್ಕಾಗಿಯೇ ಮತ್ತೆ ಒತ್ತುತ್ತಿದ್ದ. ಕುರ್ಚಿ ಕೆಟ್ಟಿದೆ ಎಂದು ಹೆಂಡತಿ ಕೇಂದ್ರಕ್ಕೆ ಫೋನು ಮಾಡಿದಳು. ಮೆಕ್ಯಾನಿಕ್ ಬಂದು ಬ್ಯಾಟರಿ ಬಿಚ್ಚಿ, ವೈರು ಎಳೆದು, ತಾನೇ ಕುಕ್ಕರಗಾಲಲ್ಲಿ ಕೂತು ನಡುಮನೆಯಲ್ಲಿ ಎರಡು ಸುತ್ತು ಓಡಿಸಿ, "ಗಾಡಿ ಫಸ್ಟ್ ಕ್ಲಾಸಾಗಿದೆ ಅಮ್ಮ. ಮಗುನೇ..." ಎಂದು ಉಳಿದದ್ದನ್ನು ನುಂಗಿಕೊಂಡ. ಆ ನುಂಗಿದ ಮಾತಿಗೆ ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಅವನು ಹೊರಗೆ ನಿಂತು ನಲ್ಲಿಯ ಸದ್ದು ಕೇಳಿದ. ಜೇಬಿನಲ್ಲಿ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಈಗ ಹೇಳಬೇಕು, ಈ ಲೋಟ ತೊಳೆದಾದ ಮೇಲೆ ಹೇಳಬೇಕು, ನಾಳೆ ಹೇಳಬೇಕು ಎಂದುಕೊಂಡ. ಹತ್ತು ದಿನ ಕಳೆದವು.

ಮೂರಕ್ಕೆ ಐದು ನಿಮಿಷ ಇರುವಾಗ ಕೇಂದ್ರದ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿದರು. ನೆಲಕ್ಕೆ ನೀಲಿ ಚಾಪೆ, ಗೋಡೆಗೆ ಕಾಗದದ ಮೀನುಗಳು, ಒಂದು ಕಡೆ ಮಕ್ಕಳ ಕುರ್ಚಿಗಳು, ದೊಡ್ಡವರೂ ಅದರಲ್ಲೇ ಕೂರಬೇಕು. ಅವನು ಮಂಡಿಯನ್ನು ಗಲ್ಲಕ್ಕೆ ತಾಗಿಸಿ ಕೂತ. ಮೆಣಸನ್ನು ಬ್ಯಾಟರಿ ಕುರ್ಚಿಯಲ್ಲಿ ಕೂರಿಸಿ ಬೆಲ್ಟು ಕಟ್ಟಿದರು. ಇವತ್ತು ಒತ್ತುವುದಿಲ್ಲ ಎಂದು ಅವನು ದಾರಿಯುದ್ದಕ್ಕೂ ತೀರ್ಮಾನ ಮಾಡಿಕೊಂಡು ಬಂದಿದ್ದ. ಒತ್ತದಿದ್ದರೆ ಅವಳು ಓಡಿಸುತ್ತಾಳೆ, ಓಡಿಸಿದರೆ ಕುರ್ಚಿ ನಮಗೇ, ಆಗ ಯಾರಿಗೂ ಏನೂ ಹೇಳಬೇಕಾಗಿಲ್ಲ. ಲೆಕ್ಕ ಅಷ್ಟು ಸಲೀಸಾಗಿತ್ತು. ಎರಡೂ ಕೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಮಂಡಿಯ ಮೇಲಿಟ್ಟುಕೊಂಡ. ಕೋಣೆಯ ಆ ತುದಿಯಲ್ಲಿ ಥೆರಪಿಸ್ಟ್ ಒಂದು ಗಿಲಕಿ ಆಡಿಸಿದರು. ಮೆಣಸು ಕಡ್ಡಿ ತಳ್ಳಿದಳು. ಮೋಟಾರು ಗುಂಯ್ ಎಂದಿತು. ಒಂದು ಮಾರು. ಎರಡು ಮಾರು. ಅಲ್ಲಿಗೆ ಮೆಣಸು ಕಡ್ಡಿಯಿಂದ ಕೈ ತೆಗೆದಳು. ಕುರ್ಚಿ ನಿಂತಿತು. ಅವಳು ಅಂಗೈ ತಿರುಗಿಸಿ ನೋಡಿಕೊಂಡು, ಅಪ್ಪನ ಕಡೆ ಕತ್ತು ಹೊರಳಿಸಿ, ನಾಲಿಗೆಯಿಂದ "ಟಚ್" ಎಂದಳು. ಅದು ಅವನದೇ ಸದ್ದು. ಗುಂಡಿ ಒತ್ತುವಾಗೆಲ್ಲ ಅವನ ಬಾಯಿಂದ ಹೊರಡುತ್ತಿದ್ದ ಸದ್ದು.

ಇನ್ನೊಂದು ಸಲ ಮಾಡಿಸಿದರು. ಎರಡು ಮಾರು, ಅಂಗೈ, ಟಚ್. ಮೂರನೆಯ ಸಲವೂ ಅಷ್ಟೇ. ಥೆರಪಿಸ್ಟ್ ನೋಟ್‌ಬುಕ್ಕಿನಲ್ಲಿ ಏನೋ ಬರೆದು, ಅಡ್ಡಗೆರೆ ಎಳೆದು, ಬಹಳ ಮೆತ್ತಗೆ, "ಪರವಾಗಿಲ್ಲ ಬಿಡಿ, ಕೆಲವು ಮಕ್ಳಿಗೆ ಇನ್ನೂ ಸ್ವಲ್ಪ ಸಮಯ ಬೇಕಾಗತ್ತೆ," ಎಂದರು. ಹೆಂಡತಿ ಆ ಮೋಟು ಕುರ್ಚಿಯಲ್ಲಿ ನೆಟ್ಟಗೆ ಕೂತು ಕಾಗದದ ಮೀನುಗಳನ್ನು ಎಣಿಸುವವಳಂತೆ ನೋಡುತ್ತಿದ್ದಳು, ಇಲ್ಲಿ ನಲ್ಲಿ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಯಾವ ಶಿಷ್ಯನೂ ಅವನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತಿರಲಿಲ್ಲ. ಅವನು ಎದ್ದ. ಮಕ್ಕಳ ಕುರ್ಚಿಯೂ ಅವನ ಜೊತೆಯಲ್ಲೇ ಎದ್ದಿತು, ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಕೊಂಡು. ಹಾಗೇ ಅದನ್ನು ಹಿಂದೆ ಅಂಟಿಸಿಕೊಂಡೇ ಜೇಬಿನಿಂದ ರಿಮೋಟು ತೆಗೆದು ಮೇಜಿನ ಮೇಲಿಟ್ಟ.

"ಮೇಡಂ, ತಪ್ಪು ಅವಳದಲ್ಲ. ನಾನು ಒತ್ತಿದ್ದು."

"ಯಾವಾಗ?"

"ಯಾವಾಗ್ಲೂ."

"ಫ್ರಿಜ್ ಮೇಲಿತ್ತಲ್ರೀ ಅದು?" ಎಂದಳು ಹೆಂಡತಿ.

ಅವನು ಇನ್ನೊಂದು ಜೇಬಿನಿಂದ ಖಾಲಿ ಕವರು ತೆಗೆದು ತೋರಿಸಿದ. ಹೆಂಡತಿ ಕವರು ನೋಡಿದಳು, ರಿಮೋಟು ನೋಡಿದಳು, ಗಂಡನ ಹಿಂದೆ ನೇತಾಡುತ್ತಿದ್ದ ಹಳದಿ ಕುರ್ಚಿಯನ್ನೂ ನೋಡಿದಳು. "ಮೆಕ್ಯಾನಿಕ್ ಬಂದಾಗ್ಲೂ ನಿಮ್ಮ ಜೇಬಲ್ಲೇ ಇತ್ತಾ? ನಾನು ಅಳ್ತಿದ್ದಾಗ್ಲೂ?" ಅವನು ತಲೆ ತಗ್ಗಿಸಿದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಎದ್ದು ಬಂದು ಅವನ ಸೊಂಟದಿಂದ ಕುರ್ಚಿಯನ್ನು ಎಳೆದು ಕಿತ್ತಳು, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಥೆರಪಿಸ್ಟ್ ನಗು ತಡೆಯಲು ಕೆನ್ನೆ ಕಚ್ಚಿಕೊಂಡಿದ್ದರು. ಆಮೇಲೆ ಗಂಭೀರವಾಗಿ, "ಸರ್, ನಾಲ್ಕು ಗಂಟೆಗೆ ಇನ್ನೊಂದು ಮಗು ಬರತ್ತೆ. ನಾನು ಬರೀಬೇಕಾದ್ದು ಕಣ್ಣಿಗೆ ಕಂಡದ್ದನ್ನ ಮಾತ್ರ. ಅವಳು ನಿಲ್ಸಿದ್ಮೇಲೆ ನಿಮ್ಮ ಮುಖ ನೋಡ್ತಾಳೆ. ನೀವೇ ಒಂದ್ಸಲ 'ಹೋಗು' ಅನ್ನಿ," ಎಂದರು.

ಅವನು ಮಗಳ ಮುಂದೆ ಮಂಡಿಯೂರಿದ. ಮೆಣಸು ಕಾದು ನೋಡಿದಳು. ಎರಡಕ್ಷರ, ಊರಿನವರೆಲ್ಲ ದಿನಕ್ಕೆ ನೂರು ಸಲ ಬಿಟ್ಟಿಯಾಗಿ ಬಳಸುವ ಮಾತು. ಅವನು ಬಾಯಿ ತೆರೆದ; ಬೆಂಚು, ಬಾಗಿಲು, ನರ್ಸಿನ ಕತ್ತು ಎಲ್ಲ ಬಂದು ಗಂಟಲಲ್ಲಿ ಕೂತವು. "ಹೋ..." ಎಂದ. "ಹೋ..." ಎಂದ ಮತ್ತೆ. ಕೊನೆಗೆ ಹೊರಬಿದ್ದದ್ದು "ಬಾ". ಮೆಣಸು ಟಚ್ ಎಂದಳು. ಥೆರಪಿಸ್ಟ್ ಗಡಿಯಾರ ನೋಡಿದರು. ಅವನ ಬಲಗಾಲು ಚಾಪೆಯನ್ನು ಒತ್ತಿಕೊಂಡೇ ಇತ್ತು, ಅದನ್ನು ನೋಡಿದ್ದೇ ಅವನಿಗೆ ಬೆಳಗಿನ ಕ್ಯಾನ್ವಾಸ್ ಶೂ ನೆನಪಾಯಿತು. ಇಳೀರಿ ಎಂದಿದ್ದರು ಹೆಡ್‌ಮಿಸ್ಟ್ರೆಸ್. ಅವನು ನಿಯಮದ ಹಿಂದೆ ಅಡಗಿಕೊಂಡಿದ್ದ. ಇಲ್ಲಿ ಯಾವ ನಿಯಮವೂ ಇರಲಿಲ್ಲ. ಅವನು ಎದ್ದು, ಅಂಗಿ ಸರಿಮಾಡಿಕೊಂಡು, ಮಗಳಿಗೆ "ಬರ್ತೀನಿ" ಎಂದು ಹೇಳಿ ಕೋಣೆಯಿಂದ ಹೊರಗೆ ನಡೆದ. ಬಾಗಿಲನ್ನು ಅರ್ಧ ತೆರೆದೇ ಬಿಟ್ಟ.

ಕಾರಿಡಾರು ಉದ್ದವಿತ್ತು, ಖಾಲಿಯಿತ್ತು. ಒಂದು ಬೆಂಚೂ ಇತ್ತು. ಅವನು ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕಿವಿಯೊಂದನ್ನೇ ತೆರೆದು ನಿಂತ. ಒಳಗೆ ಗಿಲಕಿ ಆಡಿತು. ಗುಂಯ್ ಎಂದಿತು. ಒಂದು ಮಾರು, ಎಂದು ಅವನ ಕಾಲು ಎಣಿಸಿತು. ಎರಡು. ಸದ್ದು ನಿಂತಿತು. ಈಗ ಅಂಗೈ ನೋಡಿಕೊಳ್ಳುತ್ತಿರಬೇಕು. ಈಗ ಅಪ್ಪನ ಮುಖ ಹುಡುಕುತ್ತಿರಬೇಕು. ಮುಖ ಇಲ್ಲ. ಅವನಿಗೆ ಒಳಗೆ ನುಗ್ಗಿ ಎತ್ತಿಕೊಂಡುಬಿಡಬೇಕು, ಕುರ್ಚಿ ಯಾರಿಗಾದರೂ ಇರಲಿ, ಸೊಂಟ ಗಟ್ಟಿಯಿರುವವರೆಗೆ ತಾನೇ ಹೊತ್ತು ತಿರುಗಿದರಾಯಿತು ಎನ್ನಿಸಿತು. ಟಚ್ ಸದ್ದು ಬರಲೇ ಇಲ್ಲ. ಬಂದದ್ದು ಗುಂಯ್. ಧಡ್ ಎಂದು ಗೋಡೆಗೆ ಏನೋ ಗುದ್ದಿತು, ಅವನ ಕಾಲು ಕಾರಿಡಾರಿನ ನೆಲವನ್ನು ತೂತಾಗುವಂತೆ ಒತ್ತಿತು, ಒಳಗೆ ಒಂದು ಸಣ್ಣ ನಗು ಕೇಳಿತು, ಇನ್ನೊಮ್ಮೆ ಧಡ್, ಇದು ಬೇಕೆಂತಲೇ ಗುದ್ದಿದ್ದು. ಬಾಗಿಲು ಒಂದೇ ನೂಕಿಗೆ ಪೂರ್ತಿ ತೆರೆದುಕೊಂಡು ಮೊದಲು ಎರಡು ಪುಟ್ಟ ಪಾದಗಳು, ಆಮೇಲೆ ಹಸಿರು ಫ್ರಾಕು, ಆಮೇಲೆ ಮೆಣಸು ಹೊರಗೆ ಬಂದಳು.

ಅಪ್ಪನನ್ನು ಹುಡುಕಿಕೊಂಡು ಬಂದಿದ್ದಾಳೆ ಎಂದು ಅವನ ಎದೆ ತುಂಬಿ ಬಂತು. ಬಗ್ಗಿ ಎರಡೂ ತೋಳು ಚಾಚಿ, "ಬಾ, ಬಾ ಕಂದ," ಎಂದ. ಮೆಣಸು ಕುರ್ಚಿ ನಿಲ್ಲಿಸಿ ಅವನನ್ನು ನೋಡಿದಳು, ಕಾರಿಡಾರನ್ನು ನೋಡಿದಳು, ಉದ್ದ ಯಾವುದು ಎಂದು ಅಳೆಯುವವಳಂತೆ. ಆಮೇಲೆ ಅವನ ಹೆಂಡತಿ ಬೆಳಗ್ಗೆ ಹೇಳುವ ಅದೇ ಅವಸರದ ದನಿಯಲ್ಲಿ, "ಬತ್ತೀನಿ," ಎಂದಳು. ಕಡ್ಡಿ ಪಕ್ಕಕ್ಕೆ ತಳ್ಳಿದಳು. ಕುರ್ಚಿ ಚಾಚಿದ ತೋಳುಗಳ ಪಕ್ಕದಲ್ಲಿ ಹಾದು, ಬ್ಯಾಟರಿಯ ಪೂರಾ ಭಾರದೊಂದಿಗೆ ಅವನ ಬಲಗಾಲಿನ ಬೆರಳುಗಳ ಮೇಲೆ ಹತ್ತಿ ಇಳಿಯಿತು. ಅವನು ಕೂಗಲಿಲ್ಲ. ಬೆಂಚಿನ ಬಳಿ ಒಂಚೂರು ಸೊಟ್ಟ, ನೀರಿನ ಫಿಲ್ಟರಿನ ಬಳಿ ನೆಟ್ಟಗೆ, ಗುಂಯ್ ಎನ್ನುತ್ತ ಕುರ್ಚಿ ದೂರವಾಯಿತು. ಮಗಳ ಬೆನ್ನನ್ನು ಅವನು ಮೂರು ವರ್ಷ ತಟ್ಟಿದ್ದ, ಸವರಿದ್ದ, ಉಜ್ಜಿದ್ದ. ಅದು ತಾನಾಗಿಯೇ ಸಣ್ಣದಾಗುತ್ತ ಇರುವುದನ್ನು ನೋಡಿದ್ದು ಇದೇ ಮೊದಲು. ಹಸಿರು ಫ್ರಾಕು ಮೂಲೆಯಲ್ಲಿ ತಿರುಗಿ ಕಾಣದಾಯಿತು.

ಹೆಂಡತಿ ಓಡಿಬಂದಳು, ಹಿಂದೆಯೇ ನೋಟ್‌ಬುಕ್ಕು ಹಿಡಿದ ಥೆರಪಿಸ್ಟ್. ಅವನು ನೆಲದ ಮೇಲೆ ಕೂತು ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಕಣ್ಣಲ್ಲಿ ನೀರು, ಬಾಯಿ ಕಿವಿಯ ತನಕ ಅಗಲವಾಗಿತ್ತು.

"ರೀ, ಏನಾಯ್ತು? ಎಲ್ಲಿ ಅವಳು?"

"ಹೋದ್ಲು ಕಣೇ," ಎಂದ ಅವನು. "ಈಗಷ್ಟೇ ಹೋದ್ಲು."